ಬೆರಳ ಜೋಮು: ಕಲ್ಲುಗಣಿಯಿಂದ ಅಡಿಕೆ ತೋಟದವರೆಗೆ

ವೀಡ್ ಕಟರ್ ಆಫ್ ಮಾಡಿ ಎಷ್ಟೋ ಹೊತ್ತಾದರೂ ಅಂಗೈಯ ಜುಮುಜುಮು ನಿಲ್ಲುವುದಿಲ್ಲ. ಮಲೆನಾಡು, ಕರಾವಳಿಯ ತೋಟಗಳಲ್ಲಿ ‘ಜೋಮು ಹಿಡಿದಿದೆ’ ಎಂದು ಕೈ ಕೊಡವಿ ಸುಮ್ಮನಾಗುವುದೇ ರೂಢಿ. ಯಂತ್ರದ ಅದುರಿನಿಂದ ಬರುವ ಈ ಜೋಮಿನ ಬಗ್ಗೆ ವೈದ್ಯರು ಬರೆಯಲು ತೊಡಗಿ ನೂರು ವರ್ಷ ದಾಟಿದೆ.

1911ರಲ್ಲಿ ಇಟಲಿಯ ವೈದ್ಯ ಲೊರಿಗಾ ಅದನ್ನು ಗಣಿ ಕಾರ್ಮಿಕರಲ್ಲಿ ಗುರುತಿಸಿದರು. 1918ರಲ್ಲಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಅದುರುವ ಸುತ್ತಿಗೆಯಿಂದ ಕಲ್ಲು ಕೆತ್ತುವವರನ್ನು ಪರೀಕ್ಷಿಸಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಉಳಿ ಹಿಡಿಯುವ ಎಡಗೈ ಬೆರಳುಗಳು ಚಳಿಗೆ ಬಿಳಿಚಿಕೊಳ್ಳುವುದನ್ನು ಕಂಡರು. 1960ರ ದಶಕದಲ್ಲಿ ಜಪಾನಿನ ಕಾಡುಗಳಲ್ಲಿ ಚೈನ್‌ಸಾ ಹಿಡಿದವರಿಗೂ ಅದೇ ಆಯಿತು. ಅಲ್ಲಿ ದಿನಕ್ಕೆ ಎರಡು ಗಂಟೆಯ ಮಿತಿ ಬಂತು, ಗರಗಸದ ಹಿಡಿಗೂ ಎಂಜಿನ್ನಿಗೂ ನಡುವೆ ರಬ್ಬರ್ ಬಂತು. ಅದೇ ದಶಕದಲ್ಲಿ ಜಪಾನಿನಿಂದಲೇ ಪವರ್ ಟಿಲ್ಲರ್ ನಮ್ಮ ಗದ್ದೆಗಿಳಿಯಿತು. ಎರಡು ಗಂಟೆಯ ಲೆಕ್ಕ ಮಾತ್ರ ಅದರ ಜೊತೆ ಬರಲಿಲ್ಲ.

2002ರಲ್ಲಿ ಐರೋಪ್ಯ ಒಕ್ಕೂಟ ಕೈಗೆ ತಗಲುವ ಅದುರಿನ ಎಂಟು ಗಂಟೆಯ ಸರಾಸರಿಗೆ ಎರಡು ಅಂಕಿ ಗೊತ್ತುಮಾಡಿತು: 2.5 ಮೀ/ಸೆ² (ಅದುರಿನ ಬಿರುಸಿನ ಅಳತೆ) ಮುಟ್ಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಹಿಡಿಯಲ್ಲಿ 5 ಮೀ/ಸೆ² ಅದುರುವ ಯಂತ್ರ ಎರಡು ಗಂಟೆಯಲ್ಲಿ ಮೊದಲ ಅಂಕಿ ಮುಟ್ಟುತ್ತದೆ. ಅದುರು 10ಕ್ಕೇರಿದರೆ ಅರ್ಧ ಗಂಟೆ ಸಾಕು. ಅದುರು ಇಮ್ಮಡಿಯಾದರೆ ಹೊತ್ತು ಕಾಲುಭಾಗಕ್ಕಿಳಿಯುತ್ತದೆ ಎಂಬುದನ್ನು ಕೂಲಿ ಮಾತಾಡುವಾಗಲೇ ನೆನೆಯಬೇಕು.

ಒಂದೇ ಮಾಡೆಲ್‌ನ ಎರಡು ಯಂತ್ರಗಳ ಅದುರೂ ಒಂದೇ ಅಲ್ಲ. ಹುಲ್ಲಿನೊಳಗೆ ಅಡಗಿದ ಕಲ್ಲಿಗೆ ತಾಗಿ ಬ್ಲೇಡಿನ ಒಂದು ಹಲ್ಲು ಮುರಿದರೆ ಸಾಕು, ನಿಮಿಷಕ್ಕೆ ಸಾವಿರಾರು ಸುತ್ತಿನಲ್ಲಿ ಆ ತೂಕದ ವ್ಯತ್ಯಾಸ ಪೈಪಿನುದ್ದಕ್ಕೂ ಹತ್ತಿ ಹಿಡಿಗೆ ಬರುತ್ತದೆ. ನೈಲಾನ್ ದಾರದ ಎರಡು ತುದಿ ಉದ್ದ-ಗಿಡ್ಡ ಇದ್ದರೂ ಹಾಗೆಯೇ. ಹಿಡಿಯ ಬುಡದ ರಬ್ಬರ್ ಬುಷ್ ಪೆಟ್ರೋಲ್, ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತದೆ. ಉಗುರೊತ್ತಿದಾಗ ತಗ್ಗದಿದ್ದರೆ ಬದಲಿಸುವ ಕಾಲ. ಯಂತ್ರ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತು ಬ್ಲೇಡನ್ನು ಕೈಯಲ್ಲಿ ಅಲ್ಲಾಡಿಸಿ. ಕಟಕಟ ಎಂದರೆ ಗೇರ್ ಪೆಟ್ಟಿಗೆಯ ಬೇರಿಂಗ್ ಹೋಗಿದೆ, ಇಲ್ಲವೇ ನಟ್ ಸಡಿಲ. ಆ ನಟ್ ಸಾಮಾನ್ಯವಾಗಿ ಎಡತಿರುಪಿನದು, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದು. ಬಿಗಿ ಮಾಡಲು ಹೋಗಿ ಬಿಚ್ಚುವವರೇ ಹೆಚ್ಚು. ಬೆಲ್ಟ್ ಸರಿಯಾಗಿ ಕಟ್ಟಿ ಭಾರವನ್ನು ಹೆಗಲಿಗೆ ಬಿಟ್ಟರೆ ಹಿಡಿತ ಸಡಿಲಿಸಬಹುದು. ಬಿಗಿ ಹಿಡಿದಷ್ಟೂ ಅದುರು ಒಳಕ್ಕಿಳಿಯುತ್ತದೆ. ಮಾಮೂಲಿ ಕೈಗವಸು ಬೆರಳನ್ನು ಬೆಚ್ಚಗಿಡುತ್ತದೆಯೇ ಹೊರತು ಅದುರನ್ನು ತಡೆಯುವುದು ಕಡಿಮೆ. ಬೀಡಿ ರಕ್ತನಾಳವನ್ನು ಇನ್ನಷ್ಟು ಬಿಗಿಸುತ್ತದೆ.

1948ರ ಕಾರ್ಖಾನೆ ಕಾಯ್ದೆಯ ಕಣ್ಣು ಬೇಲಿಯೊಳಗಿನ ತೋಟದವರೆಗೆ ಬರಲಿಲ್ಲ. ದಿನಗೂಲಿಗೆ ಹೋಗುವವನು ಇವತ್ತೊಂದು ತೋಟ, ನಾಳೆ ಇನ್ನೊಂದು. ಅವನ ಕೈ ಒಟ್ಟು ಎಷ್ಟು ಗಂಟೆ ಅದುರಿತೆಂದು ಯಾರ ಪುಸ್ತಕದಲ್ಲೂ ಇಲ್ಲ.

ಮೊದಲು ಜೋಮು; ಆಮೇಲೆ ಅಂಗಿಯ ಗುಂಡಿ ಹಾಕಲು ಬೆರಳು ತಡಕಾಡುತ್ತದೆ. ಚಳಿಗಾಲದ ಬೆಳಗ್ಗೆ ಬೈಕ್ ಹ್ಯಾಂಡಲ್ ಹಿಡಿದಾಗ ಬೆರಳ ತುದಿ ಸುಣ್ಣದಂತೆ ಬೆಳ್ಳಗಾಗಿ, ಕಾವು ಬಂದ ಮೇಲೆ ಕೆಂಪೇರಿ ಉರಿಯುತ್ತದೆ. ಈ ಹಂತದಲ್ಲಿ ಯಂತ್ರ ಬಿಟ್ಟರೆ ರಕ್ತ ಓಡಾಟ ಸುಧಾರಿಸುವ ಆಸೆಯಿದೆ, ನರಕ್ಕೆ ಆದ ಪೆಟ್ಟು ಅಷ್ಟು ಸುಲಭಕ್ಕೆ ಮಾಗದು. ವಾತವೆಂದು ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರ ಬಳಿ ಹೋಗಿ, ಯಾವ ಯಂತ್ರ, ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.