ಆಕಾಶದ ರೇಡಿಯೋ ಮಾತು ಇಷ್ಟು ಬಿಗಿಯಾಗಿದ್ದು ಹೇಗೆ

ಪೈಲಟ್‌ಗೂ, ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್‌ಗೂ ನಡೆಯೋ ರೇಡಿಯೋ ಮಾತು ಚಿಕ್ಕಬಳ್ಳಾಪುರದ ಕಡೆ ಇರೋರಿಗೆ ದೂರದ ವಿಷಯ ಅಲ್ಲ. 2008ರ ಮೇನಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದಾಗಿಂದ ನಂದಿ ಬೆಟ್ಟದ ಸುತ್ತಮುತ್ತ ಹಗಲೂ ರಾತ್ರಿ ವಿಮಾನ ಓಡಾಡ್ತಾನೇ ಇರುತ್ವೆ, 2019ರ ಕೊನೇಲಿ ಎರಡನೇ ರನ್‌ವೇ ಬಂದ ಮೇಲಂತೂ ಕೇಳೋದೇ ಬೇಡ. ಅದೇ ಏರ್‌ಪೋರ್ಟ್‌ನಲ್ಲಿ 2022ರ ಜನವರಿ 7ರ ಬೆಳಗ್ಗೆ ಇಂಡಿಗೋದ ಎರಡು ವಿಮಾನ, ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ, ಅಕ್ಕಪಕ್ಕದ ಎರಡು ರನ್‌ವೇಯಿಂದ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮೇಲೆದ್ದು ಒಂದರ ಕಡೆಗೊಂದು ಹೋಗೋಕೆ ಶುರು ಮಾಡಿದ್ವು. ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ತಕ್ಷಣ ನೋಡಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ರು, ನಾನೂರಕ್ಕೂ ಹೆಚ್ಚು ಜನ ಉಳ್ಕೊಂಡ್ರು. ಆಮೇಲೆ ತನಿಖೇಲಿ ಗೊತ್ತಾಗಿದ್ದು ಏನಂದ್ರೆ, ಒಂದೇ ರನ್‌ವೇ ಬಳಸೋಣ ಅಂತ ಶಿಫ್ಟ್ ಇನ್‌ಚಾರ್ಜ್ ತೀರ್ಮಾನ ಮಾಡಿದ್ರು, ಆದ್ರೆ ಆ ವಿಷಯ ದಕ್ಷಿಣದ ರನ್‌ವೇ ನೋಡ್ಕೊಳ್ಳೋ ಟವರ್ ಕಂಟ್ರೋಲರ್‌ಗೆ ಯಾರೂ ಹೇಳಿರಲಿಲ್ಲ. ಮೆಷಿನ್ ಕೆಟ್ಟಿರಲಿಲ್ಲ, ಹವಾಮಾನದ್ದೂ ತಪ್ಪಲ್ಲ, ಒಂದು ಮಾತು ತಲುಪಬೇಕಾದ ಕಡೆ ತಲುಪಲಿಲ್ಲ ಅಷ್ಟೇ.

ಪೈಲಟ್ ಮತ್ತು ಕಂಟ್ರೋಲರ್ ಮಾತಾಡೋ ರೆಕಾರ್ಡಿಂಗ್ ಮೊದಲ ಸಲ ಕೇಳಿದವರು ಇವರ್ಯಾಕೆ ಇಷ್ಟು ಒಣಒಣವಾಗಿ ಮಾತಾಡ್ತಾರೆ, ಹೇಳಿದ್ದನ್ನೇ ಯಾಕೆ ತಿರುಗಾ ಹೇಳ್ತಾರೆ ಅಂತ ಕೇಳ್ತಾರೆ. ಅದಕ್ಕೆ ಕಾರಣ ಆ ರೇಡಿಯೋದಲ್ಲೇ ಇದೆ. ಒಂದು ಫ್ರೀಕ್ವೆನ್ಸೀಲಿ ಹತ್ತಾರು ವಿಮಾನ ಇರುತ್ವೆ, ಆದ್ರೆ ಒಂದು ಸಲಕ್ಕೆ ಒಬ್ಬರೇ ಮಾತಾಡೋಕಾಗೋದು. ಕೋಲಾರದ ಟೊಮೇಟೊ ಮಂಡೀಲಿ ಹರಾಜಿನ ಹೊತ್ತಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಿದ್ರೂ ಯಾರದ್ದು ಯಾವ ದನಿ ಅಂತ ಕಿವಿಗೆ ಗೊತ್ತಾಗುತ್ತೆ, ಇಲ್ಲಿ ಇಬ್ಬರು ಒಟ್ಟಿಗೆ ಮೈಕ್ ಒತ್ತಿದ್ರೆ ಬರೋದು ಕೀಂಯ್ ಅನ್ನೋ ಸದ್ದು, ಇಬ್ಬರ ಮಾತೂ ಹಾಳು. ಹಾಗಾಗಿ ಅಲ್ಲಿ ಯಾರೇ ಒಂದು ಸೆಕೆಂಡ್ ಜಾಸ್ತಿ ಮಾತಾಡಿದ್ರೂ ಅದು ಇನ್ನೊಬ್ಬರ ಪಾಲಿನ ಸೆಕೆಂಡು.

ಶುರುವಿನಲ್ಲಿ ರೇಡಿಯೋನೇ ಇರಲಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1929ರಲ್ಲಿ ಆರ್ಚೀ ಲೀಗ್ ಅನ್ನೋರು ಮೈದಾನದಲ್ಲಿ ಬಾವುಟ ಹಿಡ್ಕೊಂಡು ನಿಂತು ವಿಮಾನಗಳಿಗೆ ಸನ್ನೆ ಮಾಡ್ತಿದ್ರು. ಅಪಾಯದ ಕರೆ ‘ಮೇಡೇ’ ಹುಟ್ಟಿದ್ದು ಲಂಡನ್ ಹತ್ರದ ಕ್ರಾಯ್ಡನ್ ಏರ್‌ಪೋರ್ಟ್‌ನಲ್ಲಿ, 1920ರ ದಶಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದ್ರೆ ಐಕಾವೋ, ಎಲ್ಲ ದೇಶಕ್ಕೂ ಒಂದೇ ಪದ್ಧತಿ ತರೋಕೆ ಹೊರಟಿತು, 1956ರಲ್ಲಿ ಎ, ಬಿ, ಸಿ ಬದಲು ಹೇಳೋ ಈಗಿನ ಆಲ್ಫಾ ಬ್ರಾವೋ ಚಾರ್ಲಿ ಅಕ್ಷರಮಾಲೆ ಜಾರಿಗೆ ಬಂತು. ಗೊರಗೊರ ಅನ್ನೋ ರೇಡಿಯೋದಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಿಸುತ್ತೆ ಅಂತ ‘ಫೈಫ್’, ‘ನೈನರ್’ ಅಂತ ಹೇಳೋದೂ ಇದೇ ಪದ್ಧತಿಯ ಭಾಗ.

ಅಲ್ಲಿವರೆಗೂ ಎಲ್ಲ ಕಾಗದದ ಮೇಲೆ ಚೆನ್ನಾಗೇ ಇತ್ತು. 1976ರ ಸೆಪ್ಟೆಂಬರ್ 10ಕ್ಕೆ ಯುಗೋಸ್ಲಾವಿಯದ ಝಾಗ್ರೆಬ್ ಮೇಲೆ ಎರಡು ವಿಮಾನ ಡಿಕ್ಕಿ ಹೊಡೆದು 176 ಜನ ಸತ್ರು. ಕೊನೇ ಗಳಿಗೇಲಿ ಕಂಟ್ರೋಲರ್ ತಮ್ಮ ದೇಶದ ಪೈಲಟ್ ಜೊತೆ ಇಂಗ್ಲಿಷ್ ಬಿಟ್ಟು ತಮ್ಮ ಭಾಷೇಲೇ ಮಾತಾಡಿದ್ರು, ಎದುರಿಗಿದ್ದ ಬ್ರಿಟಿಷ್ ಪೈಲಟ್‌ಗಳಿಗೆ ಅದು ಅರ್ಥ ಆಗೋ ಹಾಗಿರಲಿಲ್ಲ. ಆ ಕಂಟ್ರೋಲರ್ ಒಬ್ಬರೇ ಮಿತಿಮೀರಿದ ಟ್ರಾಫಿಕ್ ನೋಡ್ಕೊಳ್ತಿದ್ರು, ಜೈಲಿಗೆ ಹೋಗಿದ್ದೂ ಅವರೊಬ್ಬರೇ, ಬೇರೆ ಕಂಟ್ರೋಲರ್‌ಗಳು ಸಹಿ ಸಂಗ್ರಹ ಮಾಡಿ ಹೋರಾಡಿದ ಮೇಲೆ ಬಿಡುಗಡೆ ಆದ್ರು. ಕೆಲಸದ ಹೊರೆ ಬಗ್ಗೆ ಮಾತಾಡದೆ ಬರೀ ಮಾತಿನ ಶಿಸ್ತಿನ ಬಗ್ಗೆ ಉಪದೇಶ ಮಾಡೋರಿಗೆ ಈ ಕೇಸ್ ನೆನಪಿಸಬೇಕು ಅನ್ಸುತ್ತೆ ನನಗೆ.

ಆರು ತಿಂಗಳು ಕಳೀತು, 1977ರ ಮಾರ್ಚ್ 27, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ಏರ್‌ಪೋರ್ಟ್‌ನಲ್ಲಿ ಬಾಂಬ್ ಸಿಡಿದು ವಿಮಾನಗಳೆಲ್ಲ ಈ ಚಿಕ್ಕ ಏರ್‌ಪೋರ್ಟ್‌ಗೆ ಬಂದು ತುಂಬ್ಕೊಂಡಿದ್ವು, ದಟ್ಟ ಮಂಜು ಬೇರೆ, ಟವರ್‌ನಿಂದ ರನ್‌ವೇನೇ ಕಾಣ್ತಿರಲಿಲ್ಲ. ರನ್‌ವೇ ತುದೀಲಿದ್ದ ನೆದರ್ಲೆಂಡ್ಸ್‌ನ ಕೆಎಲ್‌ಎಂ ವಿಮಾನದ ಕೋ-ಪೈಲಟ್ ‘ವಿ ಆರ್ ನೌ ಅಟ್ ಟೇಕಾಫ್’ ಅಂದ್ರು. ಓಡೋಕೆ ಶುರು ಮಾಡಿದ್ದೀವಿ ಅಂತಲೋ ಟೇಕಾಫ್‌ಗೆ ರೆಡಿಯಾಗಿ ನಿಂತಿದ್ದೀವಿ ಅಂತಲೋ, ಎರಡೂ ಆಗಬಹುದು. ಕಂಟ್ರೋಲರ್ ‘ಓಕೆ’ ಅಂದು ಒಂದು ಕ್ಷಣ ಬಿಟ್ಟು ‘ಕಾಯಿರಿ, ನಾನೇ ಕರೀತೀನಿ’ ಅಂದ್ರು, ಅದೇ ಕ್ಷಣಕ್ಕೆ ಅದೇ ರನ್‌ವೇಲಿದ್ದ ಅಮೆರಿಕದ ಪ್ಯಾನ್ ಆಮ್ ವಿಮಾನದ ಪೈಲಟ್ ‘ನಾವಿನ್ನೂ ರನ್‌ವೇ ಮೇಲೇ ಇದ್ದೀವಿ’ ಅಂದ್ರು, ಎರಡು ಮಾತೂ ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ಗೆ ಸರಿಯಾಗಿ ಕೇಳಿಸಿದ್ದು ಆ ‘ಓಕೆ’ ಒಂದೇ, ಉಳಿದಿದ್ದು ಕೀಂಯ್ ಸದ್ದು. ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಪ್ಯಾನ್ ಆಮ್‌ನೋರು ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಕೇಳೇಬಿಟ್ರು, ಕ್ಯಾಪ್ಟನ್ ಬಿಟ್ಟಿದ್ದಾರೆ ಅಂತ ಗಟ್ಟಿಯಾಗಿ ಹೇಳಿದ್ರು, ಅಷ್ಟು ಸೀನಿಯರ್ ಮನುಷ್ಯನ ಮಾತಿನ ಮೇಲೆ ಮತ್ತೆ ಯಾರು ಮಾತಾಡ್ತಾರೆ? ಎರಡು ವಿಮಾನ ಡಿಕ್ಕಿ ಹೊಡೆದು 583 ಜನ ಹೋದ್ರು. ಇವತ್ತಿಗೂ ವಿಮಾನಯಾನದಲ್ಲಿ ಒಂದೇ ಅಪಘಾತಕ್ಕೆ ಅಷ್ಟು ಜನ ಸತ್ತಿದ್ದು ಇನ್ನೊಂದಿಲ್ಲ.

ಆಮೇಲೆ ಬಂದ ನಿಯಮ ಇದು: ಟೇಕಾಫ್ ಅನ್ನೋ ಪದವನ್ನ ಟೇಕಾಫ್‌ಗೆ ಅನುಮತಿ ಕೊಡೋವಾಗ ಅಥವಾ ವಾಪಸ್ ತಗೊಳ್ಳೋವಾಗ ಮಾತ್ರ ಬಳಸಬೇಕು, ಉಳಿದ ಕಡೆಯೆಲ್ಲ ಡಿಪಾರ್ಚರ್ ಅನ್ನಬೇಕು. ರನ್‌ವೇಗೆ ಸಂಬಂಧಪಟ್ಟ ಅನುಮತೀನ ಬರೀ ಓಕೆ, ರೋಜರ್ (ಅಂದ್ರೆ ಕೇಳಿಸ್ತು) ಅಂತ ಮುಗಿಸೋ ಹಾಗಿಲ್ಲ, ಪೂರ್ತಿ ತಿರುಗಿ ಓದಬೇಕು, ಅದನ್ನ ರೀಡ್‌ಬ್ಯಾಕ್ ಅಂತಾರೆ, ಮತ್ತು ತಿರುಗಿ ಓದಿದ್ದು ಸರಿ ಇದೆಯಾ ಅಂತ ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. ಈ ಎರಡನೇ ಅರ್ಧವೇ ಕಷ್ಟ. ಸುಸ್ತಾದಾಗ ಕಿವಿಗೆ ಬೀಳೋದು ನಾವು ನಿರೀಕ್ಷೆ ಮಾಡಿದ ಮಾತೇ ಹೊರತು ಅವರು ಹೇಳಿದ ಮಾತಲ್ಲ. ಇಂಡಿಗೋ ವಿಮಾನಗಳೆಲ್ಲ ರೇಡಿಯೋದಲ್ಲಿ ‘ಐಫ್ಲೈ’ ಅಂತಲೇ ಶುರು ಮಾಡ್ತವೆ, ಒಂದೇ ಫ್ರೀಕ್ವೆನ್ಸೀಲಿ ನಾಲ್ಕೈದು ಐಫ್ಲೈ ಇದ್ದು ಅಂಕಿಗಳೂ ಹತ್ತಿರ ಹತ್ತಿರ ಇದ್ರೆ ಒಬ್ಬರಿಗೆ ಹೇಳಿದ್ದನ್ನ ಇನ್ನೊಬ್ಬರು ತಗೊಂಡ್ಬಿಡೋ ಅಪಾಯ ನಿಜವಾಗ್ಲೂ ಇದೆ.

ಜಾಸ್ತಿ ಮಾತಿನಿಂದ ಮಾತ್ರ ಅಲ್ಲ, ಹೇಳಬೇಕಾದ್ದನ್ನ ನೇರವಾಗಿ ಹೇಳದೇ ಇರೋದ್ರಿಂದಲೂ ಜನ ಸತ್ತಿದ್ದಾರೆ. 1990ರ ಜನವರಿ 25ಕ್ಕೆ ಕೊಲಂಬಿಯದ ಅವಿಯಾಂಕಾ 52 ವಿಮಾನ ನ್ಯೂಯಾರ್ಕ್‌ಗೆ ಹೋಗೋ ದಾರೀಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತಿ ಸುತ್ತಿ ಇಂಧನ ಖಾಲಿಯಾಗಿ ಬಿತ್ತು, 73 ಜನ ಸತ್ರು. ಪೈಲಟ್‌ಗಳು ಪ್ರಯಾರಿಟಿ ಬೇಕು ಅಂದ್ರು, ಇಂಧನ ಮುಗೀತಿದೆ ಅಂದ್ರು, ಎಮರ್ಜೆನ್ಸಿ ಅನ್ನೋ ಒಂದು ಪದ ಹೇಳಲಿಲ್ಲ. ಇಂಧನ ಕಮ್ಮಿ ಇದ್ದಾಗ ಯಾವ ಹಂತಕ್ಕೆ ಏನನ್ನಬೇಕು ಅಂತ ‘ಮಿನಿಮಂ ಫ್ಯೂಯಲ್’, ‘ಮೇಡೇ ಫ್ಯೂಯಲ್’ ಅನ್ನೋ ಮಾತುಗಳನ್ನ ಐಕಾವೋ ನಿಯಮಕ್ಕೆ ಸೇರಿಸಿದ್ದು 2012ರಲ್ಲಿ, ಅಷ್ಟು ವರ್ಷ ಯಾಕೆ ಬೇಕಾಯ್ತೋ.

ನಮ್ಮ ದೇಶದ್ದು ಚರ್ಖಿ ದಾದ್ರಿ. 1996ರ ನವೆಂಬರ್ 12, ದೆಹಲಿ ಹತ್ರ ಸೌದಿ ಬೋಯಿಂಗ್‌ಗೂ ಕಝಕ್ ಇಲ್ಯುಶಿನ್‌ಗೂ ಡಿಕ್ಕಿ, 349 ಸಾವು. ಕಝಕ್ ವಿಮಾನ 15,000 ಅಡಿಯಲ್ಲಿ ಇರಬೇಕಿತ್ತು, ಅದರ ಕೆಳಗೆ ಇಳೀತು. ಆ ವಿಮಾನದಲ್ಲಿ ಕಂಟ್ರೋಲರ್ ಜೊತೆ ಮಾತಾಡ್ತಿದ್ದಿದ್ದು ರೇಡಿಯೋ ಆಪರೇಟರ್, ಪೈಲಟ್‌ಗಳಲ್ಲ. ಡಿಕ್ಕಿ ತಪ್ಪಿಸೋ ಎಚ್ಚರಿಕೆ ಯಂತ್ರ ಭಾರತದಲ್ಲಿ ಕಡ್ಡಾಯ ಆಗಿದ್ದು ಇದಾದ ಮೇಲೆ. ಪೈಲಟ್ ಕಂಟ್ರೋಲರ್ ಇಬ್ಬರಿಗೂ ಆರು ಹಂತದ ಅಳತೇಲಿ ಕನಿಷ್ಠ ನಾಲ್ಕನೇ ಹಂತದ ಇಂಗ್ಲಿಷ್ ಬರಲೇಬೇಕು ಅಂತ ಐಕಾವೋ 2003ರಲ್ಲಿ ನಿಯಮ ತಂತು, 2008ಕ್ಕೆ ಅಂದುಕೊಂಡಿದ್ದ ಗಡುವು 2011ಕ್ಕೆ ಹೋಯ್ತು.

ಇಷ್ಟೆಲ್ಲ ಪದಗಳ ಲೆಕ್ಕ ಆಯ್ತು, ನಡವಳಿಕೆಯದ್ದು ಇನ್ನೂ ಕಷ್ಟ. 2010ರಲ್ಲಿ ನ್ಯೂಯಾರ್ಕ್‌ನ ಕೆನಡಿ ಏರ್‌ಪೋರ್ಟ್‌ನಲ್ಲಿ ಒಬ್ಬ ಕಂಟ್ರೋಲರ್ ತನ್ನ ಮಗುವಿನ ಕೈಗೆ ಮೈಕ್ ಕೊಟ್ಟು ಟೇಕಾಫ್ ಅನುಮತಿ ಹೇಳಿಸಿದ್ರು. ಪೈಲಟ್‌ಗಳು ಖುಷಿಯಿಂದಲೇ ಉತ್ತರ ಕೊಟ್ರು, ಅಮೆರಿಕದ ವಿಮಾನಯಾನ ಸಂಸ್ಥೆ ಆ ಕಂಟ್ರೋಲರ್‌ನ ಸಸ್ಪೆಂಡ್ ಮಾಡ್ತು, ಮಾಡಿದ್ದು ಸರಿ ಅಂತಲೇ ನನ್ನ ವಾದ. ತುರ್ತು ಕರೆಗೆ ಅಂತಲೇ ಇಟ್ಟಿರೋ 121.5 ಮೆಗಾಹರ್ಟ್ಝ್‌ನಲ್ಲಿ ಅಮೆರಿಕದ ಕೆಲವು ಪೈಲಟ್‌ಗಳು ಬೆಕ್ಕಿನ ಥರ ಮಿಯಾಂವ್ ಅಂತಾರೆ, ವರ್ಷಗಳಿಂದ ನಡೀತಿದೆ. ನಗೋ ವಿಷಯವೇ ಅಲ್ಲ ಇದು, ಅದೇ ಹೊತ್ತಿಗೆ ಯಾರಾದ್ರೂ ಮೇಡೇ ಅಂತ ಕೂಗಿದ್ರೆ?

ಇದಕ್ಕೆ ಎದುರಾಗಿ 2009ರ ಜನವರಿ 15 ಇದೆ. ಹಕ್ಕಿ ಬಡಿದು ಎರಡೂ ಎಂಜಿನ್ ಹೋದ ವಿಮಾನದ ಕ್ಯಾಪ್ಟನ್ ತನ್ನ ಕಾಲ್ ಸೈನ್‌ನೇ, ಅಂದ್ರೆ ರೇಡಿಯೋದಲ್ಲಿ ವಿಮಾನ ಗುರುತಿಸೋ ಹೆಸರನ್ನೇ, 1549ರ ಬದಲು 1539 ಅಂದುಬಿಟ್ರು, ಕಂಟ್ರೋಲರ್ ಅದನ್ನ ಹಿಡಿದು ಕೂರಲಿಲ್ಲ, ಈ ರನ್‌ವೇ ಆಗುತ್ತಾ, ಆ ರನ್‌ವೇ ಆಗುತ್ತಾ ಅಂತ ಒಂದಾದ ಮೇಲೊಂದು ಕೇಳ್ತಾ ಹೋದ್ರು, ಕೊನೆಗೆ ನ್ಯೂಯಾರ್ಕ್‌ನ ಹಡ್ಸನ್ ನದೀಲಿ ಇಳೀತೀವಿ ಅನ್ನೋ ಉತ್ತರ ಬಂತು, ಇಬ್ಬರ ದನಿಯೂ ಏರಲಿಲ್ಲ, 155 ಜನರೂ ಬದುಕಿದ್ರು. 2024ರ ಜನವರಿ 2ಕ್ಕೆ ಟೋಕಿಯೋದ ಹನೇಡಾದಲ್ಲಿ ಮಾತ್ರ ಹಾಗಾಗಲಿಲ್ಲ. ಟೇಕಾಫ್ ಸಾಲಿನಲ್ಲಿ ನೀವು ‘ನಂಬರ್ ಒನ್’ ಅಂತ ಕಂಟ್ರೋಲರ್ ಅಂದಿದ್ದನ್ನ ಕೋಸ್ಟ್ ಗಾರ್ಡ್ ವಿಮಾನದವರು ರನ್‌ವೇಗೆ ಹೋಗೋ ಅನುಮತಿ ಅಂದ್ಕೊಂಡ್ರು, ಇಳೀತಿದ್ದ ದೊಡ್ಡ ವಿಮಾನ ಬಂದು ಬಡೀತು, ಕೋಸ್ಟ್ ಗಾರ್ಡ್‌ನ ಐದು ಜನ ಸತ್ರು, ದೊಡ್ಡ ವಿಮಾನದ 379 ಜನ ಹೊರಗೆ ಬಂದ್ರು. ಜಪಾನ್ ಆ ಮಾತನ್ನ ಸ್ವಲ್ಪ ಕಾಲ ನಿಲ್ಲಿಸೇಬಿಟ್ಟಿತ್ತು.

ನಮ್ಮಲ್ಲಿ ಕಂಟ್ರೋಲರ್ ಆಗೋಕೆ ಎಂಜಿನಿಯರಿಂಗ್ ಅಥವಾ ಫಿಸಿಕ್ಸ್ ಮ್ಯಾಥ್ಸ್ ಇರೋ ಬಿಎಸ್ಸಿ ಸಾಕು, ಏರ್‌ಪೋರ್ಟ್ಸ್ ಅಥಾರಿಟಿ ಪರೀಕ್ಷೆ ಪಾಸಾಗಿ ಟ್ರೇನಿಂಗ್ ಮುಗಿಸಬೇಕು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಹುಡುಗ್ರು ಹುಡುಗೀರು ಖಂಡಿತ ನೋಡಬೇಕಾದ ಕೆಲಸ ಇದು. ಪೈಲಟ್‌ಗಳಿಗೆ ಆರ್‌ಟಿಆರ್ ಅಂತ ಬೇರೆ ರೇಡಿಯೋ ಪರೀಕ್ಷೆ ಇದೆ, ಟೆಲಿಕಾಂ ಇಲಾಖೆ ಕೈಲಿದ್ದ ಅದನ್ನ 2024ರ ಭಾರತೀಯ ವಾಯುಯಾನ ಅಧಿನಿಯಮ ವಿಮಾನಯಾನದ ಕಡೆಗೇ ತಂದಿದೆ. ಹೆಂಗೂ ಕೈ ಬದಲಾಗಿದೆ, ಆ ಪರೀಕ್ಷೇಲಿ ಬರೀ ಬಾಯಿಪಾಠದ ಸಾಲುಗಳನ್ನ ಕೇಳೋ ಬದಲು ಒಂದೇ ಥರದ ಎರಡು ಕಾಲ್ ಸೈನ್ ಕೊಟ್ಟು, ಮಧ್ಯ ಅರ್ಧಂಬರ್ಧ ಕೇಳೋ ಹಾಗೆ ಮಾಡಿ, ಅಭ್ಯರ್ಥಿ ‘ಸೇ ಅಗೇನ್’ ಅಂತ ಸಂಕೋಚ ಇಲ್ಲದೆ ಕೇಳ್ತಾನಾ ಅಂತ ನೋಡಬೇಕು, ಅದಕ್ಕೂ ಮಾರ್ಕ್ಸ್ ಇಡಬೇಕು.