ಹಿಮ ಹುಟ್ಟುವುದು ಬೆಚ್ಚನೆಯ ಕಡಲಲ್ಲಿ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ‘ಊಟಿಯಲ್ಲಿ ಹಿಮಪಾತ!’ ಎಂಬ ಫೋಟೊ ಹಾಜರ್. ಹುಲ್ಲಿನ ಮೇಲೆ, ಕಾರಿನ ಗಾಜಿನ ಮೇಲೆ ಬೆಳ್ಳನೆಯ ಪುಡಿ. ಪ್ರತಿ ವರ್ಷ ನಾನು ಅದೇ ಉತ್ತರ ಬರೆಯುತ್ತೇನೆ, ಪ್ರತಿ ವರ್ಷ ಯಾರೂ ಓದುವುದಿಲ್ಲ. ಅದು ಮೇಲಿನಿಂದ ಬಿದ್ದದ್ದಲ್ಲ, ಅಲ್ಲೇ ಹುಟ್ಟಿದ್ದು. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ಸೊನ್ನೆಗಿಂತ ಕೆಳಗಿಳಿದಾಗ ಗಾಳಿಯ ತೇವ ಹುಲ್ಲಿನ ಮೇಲೇ ಹೆಪ್ಪುಗಟ್ಟುತ್ತದೆ. ಇಬ್ಬನಿಯ ಅಣ್ಣ ಅನ್ನಿ. ಹಿಮ ಬೀಳಲು ಮೋಡ ಬೇಕು, ಇದಕ್ಕೆ ಮೋಡ ಇರಬಾರದು. ನಮ್ಮ ಭಾಷೆಯದೂ ತುಸು ತಪ್ಪಿದೆ: ಮಡಿಕೇರಿಯ ಬೆಳಗಿನ ಮುಸುಕೂ ಮಂಜು, ಕಾಶ್ಮೀರದಲ್ಲಿ ಬೀಳುವುದೂ ಮಂಜು.

ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ತಪ್ಪು ಇನ್ನೊಂದಿದೆ. ಚಳಿ ಹೆಚ್ಚಿದಷ್ಟೂ ಹಿಮ ಹೆಚ್ಚು ಎಂಬುದು. ಸೈಬೀರಿಯಾದ ಯಾಕುಟ್ಸ್ಕ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 35 ಡಿಗ್ರಿಗೂ ಕೆಳಗೆ. ಆದರೆ ಅಲ್ಲಿ ವರ್ಷಪೂರ್ತಿ ಬೀಳುವ ಮಳೆ, ಹಿಮ ಎರಡನ್ನೂ ಕರಗಿಸಿ ಅಳೆದರೆ ಸುಮಾರು 240 ಮಿಲಿಮೀಟರ್. ಚಿತ್ರದುರ್ಗದ ಮಳೆಯ ಅರ್ಧವೂ ಇಲ್ಲ. ಅಂಟಾರ್ಕ್ಟಿಕಾದ ನಡುಭಾಗಕ್ಕೆ 50 ಮಿಲಿಮೀಟರೂ ದಕ್ಕುವುದಿಲ್ಲ. ಹಾಗಾದರೆ ಅಲ್ಲಿ ಕೆಲವೆಡೆ ನಾಲ್ಕು ಕಿಲೋಮೀಟರ್ ಮೀರುವ ಮಂಜುಗಡ್ಡೆ ಎಲ್ಲಿಂದ ಬಂತು? ಅದು ಜಿಪುಣನ ತಿಜೋರಿ. ಸಂಪಾದನೆ ಕವಡೆಯಷ್ಟೇ, ಆದರೆ ಲಕ್ಷಾಂತರ ವರ್ಷಗಳಿಂದ ಖರ್ಚೇ ಇಲ್ಲ.

ನಿಜವಾಗಿ ಹಿಮ ಸುರಿಯುವುದನ್ನು ನೋಡಬೇಕಾದರೆ ಜಪಾನಿಗೆ ಹೋಗಬೇಕು. ಅವೊಮೊರಿ ಊರು ಇರುವುದು ಇಟಲಿಯ ನೇಪಲ್ಸಿನ ಅಕ್ಷಾಂಶದ ಹತ್ತಿರ. ಒಂದು ಚಳಿಗಾಲದಲ್ಲಿ ದಿನದಿನ ಬಿದ್ದದ್ದನ್ನು ಕೂಡಿದರೆ ಅಲ್ಲಿ ಐದಾರು ಮೀಟರ್ ಹಿಮ. ಸುಮಾರು 20 ಲಕ್ಷ ಜನರಿರುವ ಸಪ್ಪೊರೊದಲ್ಲೂ ಐದು ಮೀಟರಿನ ಆಸುಪಾಸು. ಇನ್ನೂ ದಕ್ಷಿಣಕ್ಕೆ, ಹೆಚ್ಚುಕಡಿಮೆ ಟೋಕಿಯೊದ ಅಕ್ಷಾಂಶದಲ್ಲೇ ಇರುವ ಇಬುಕಿ ಬೆಟ್ಟದಲ್ಲಿ 1927ರ ಫೆಬ್ರವರಿ 14ರಂದು ಅಳೆದ ಹಿಮದ ಆಳ 11.82 ಮೀಟರ್. ಮೂರಂತಸ್ತಿನ ಮನೆ ಮುಳುಗುವಷ್ಟು!

ಗುಟ್ಟಿರುವುದು ಗಾಳಿಯ ಪಾತ್ರೆಯಲ್ಲಿ. 30 ಡಿಗ್ರಿಯ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. ಸೊನ್ನೆ ಡಿಗ್ರಿಯಲ್ಲಿ ಐದು ಗ್ರಾಂ. ಮೈನಸ್ 20ರಲ್ಲಿ ಒಂದೇ ಗ್ರಾಂ. ಮೈನಸ್ 40ಕ್ಕೆ ಇಳಿದರೆ ಗ್ರಾಮಿನ ಸಣ್ಣ ಚೂರು. ಮೊದಲನೆಯದು ಕೊಡ, ಎರಡನೆಯದು ಚೊಂಬು, ಕೊನೆಯದು ದೇವರ ಮನೆಯ ಉದ್ಧರಣೆ. ಉದ್ಧರಣೆಯಲ್ಲಿ ಎಷ್ಟು ಸುರಿದರೂ ಅಂಗಳ ನೆನೆಯದು.

ಸೈಬೀರಿಯಾದಿಂದ ಹೊರಟ ಗಾಳಿ ಕೈಯಲ್ಲಿ ಈ ಉದ್ಧರಣೆ ಹಿಡಿದೇ ಜಪಾನ್ ಸಮುದ್ರಕ್ಕೆ ಬರುತ್ತದೆ. ಅಲ್ಲಿ ದಕ್ಷಿಣದಿಂದ ಹರಿದು ಬರುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹವಿದೆ. ಚಳಿಗಾಲದ ಬೆಳಗ್ಗೆ ಬಚ್ಚಲಿನ ಹಂಡೆಯ ಮುಚ್ಚಳ ತೆಗೆದಾಗ ಹೇಗೆ ಹೊಗೆಯೇಳುತ್ತದೋ ಹಾಗೆ ಕಡಲಿಗೆ ಕಡಲೇ ಹಬೆಯಾಡುತ್ತದೆ. ಗಾಳಿ ಕೆಳಗಿನಿಂದ ಬಿಸಿಯಾಗುತ್ತದೆ, ಪಾತ್ರೆ ದೊಡ್ಡದಾಗುತ್ತದೆ, ತುಂಬಿಕೊಳ್ಳುತ್ತದೆ. ಆಚೆ ದಡದಲ್ಲಿ ಬೆಟ್ಟಸಾಲು ಅಡ್ಡ ನಿಂತಿದೆ. ಮೇಲೇರಿ ತಣಿದ ಗಾಳಿ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ಇದನ್ನು ನಮಗೆ ಬಿಡಿಸಿ ಹೇಳಬೇಕೆ? ಅರಬ್ಬಿ ಕಡಲು, ಸಹ್ಯಾದ್ರಿ, ಆಗುಂಬೆ! ಅದೇ ಯಂತ್ರ, ಮಳೆಯ ಜಾಗದಲ್ಲಿ ಹಿಮ. ಆ ದಡದ ನೀಗಾಟ ಪ್ರಾಂತ್ಯದ ಬೆಟ್ಟಗಳು ಆಗುಂಬೆಯಾದರೆ ಬೆಟ್ಟದಾಚೆಯ ಟೋಕಿಯೊ ಚಿತ್ರದುರ್ಗ. ಅತ್ತ ಜನ ಮಾಡು ಹತ್ತಿ ಹಿಮ ಗೋರುತ್ತಿರುವಾಗ ಇತ್ತ ಬಿಸಿಲಲ್ಲಿ ಹಾಸಿಗೆ ಒಣಹಾಕಿರುತ್ತಾರೆ.

ಅಮೆರಿಕದ ಬಫಲೊ ನಗರಕ್ಕೆ ಈರೀ ಸರೋವರವೇ ಹಂಡೆ. ಆದರೆ ಸರೋವರ ಉದ್ದಕ್ಕಿರುವುದರಿಂದ ಅಲ್ಲಿ ಹಿಮ ಕಿರಿದಾದ ಪಟ್ಟಿಯಾಗಿ ಬೀಳುತ್ತದೆ. 2014ರ ನವೆಂಬರಿನಲ್ಲಿ ದಕ್ಷಿಣದ ಬಡಾವಣೆಗಳಲ್ಲಿ ಆಳೆತ್ತರ ಬಿದ್ದಾಗ ಉತ್ತರದ ಕಡೆ ಕೆಲವೇ ಇಂಚು. ಎತ್ತಿನ ಒಂದು ಕೋಡು ನೆನೆದರೆ ಇನ್ನೊಂದು ಒಣಗಿತ್ತು ಅನ್ನುತ್ತಾರಲ್ಲ, ಹಾಗೆ. ತಮಾಷೆಯೆಂದರೆ ಚಳಿ ಇನ್ನೂ ಬಲಿತು ಸರೋವರ ಹೆಪ್ಪುಗಟ್ಟಿದರೆ ಈ ಯಂತ್ರ ಬಹುಮಟ್ಟಿಗೆ ನಿಂತೇಹೋಗುತ್ತದೆ. ಹಂಡೆಗೆ ಮುಚ್ಚಳ ಬಿತ್ತು!

ಹರಳಿನ ಚೆಲುವಿಗೂ ಬರೀ ಚಳಿ ಸಾಲದು. ಇದನ್ನು ತೋರಿಸಿಕೊಟ್ಟವನು ಸಪ್ಪೊರೊದ ಭೌತವಿಜ್ಞಾನಿ ನಕಾಯ ಉಕಿಚಿರೊ. ಅವನ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಪ್ರಯೋಗಾಲಯದಲ್ಲೇ ಹಿಮದ ಹರಳು ಬೆಳೆಸುವ ಹಟ ಅವನದು. ಹತ್ತಿ, ರೇಷ್ಮೆ ಎಂದು ಯಾವ ಎಳೆ ಕಟ್ಟಿದರೂ ಅದರ ಮೇಲೆ ಹರಳುಗಳು ಗುಂಪುಗಟ್ಟಿ ಕಂಬಳಿಹುಳದ ಹಾಗಾಗುತ್ತಿದ್ದವು. ಕೊನೆಗೆ ಒದಗಿದ್ದು ಮೊಲದ ಒಂದು ಕೂದಲು. ಅದರ ಮೈಮೇಲಿನ ಸಣ್ಣ ಗಂಟುಗಳಲ್ಲಿ ಮಾತ್ರ ಹರಳು ಬಿಡಿಬಿಡಿಯಾಗಿ ಕೂತಿತು. ಅದು 1936ರ ಮಾರ್ಚ್. ಆಮೇಲೆ ಉಷ್ಣತೆ ಬದಲಿಸುತ್ತ ನೋಡಿದ. ಮೈನಸ್ ಐದರ ಸುತ್ತ ಸೂಜಿ, ಮೈನಸ್ ಹದಿನೈದರ ಸುತ್ತ ನಾವು ಗ್ರೀಟಿಂಗ್ ಕಾರ್ಡಿನಲ್ಲಿ ಕಾಣುವ ಆರು ತೋಳಿನ ನಕ್ಷತ್ರ. ಇನ್ನೂ ಕೆಳಗಿಳಿದರೆ ನಕ್ಷತ್ರ ಮಾಯ, ಮತ್ತೆ ಬಿಲ್ಲೆ, ಕಂಬ.

ನಮ್ಮ ಲೇಹ್‌ ಕೂಡ ‘ಚಳಿ ಹೆಚ್ಚು, ಹಿಮ ಕಡಿಮೆ’ ಎಂಬ ಲೆಕ್ಕಕ್ಕೇ ಸೇರುತ್ತದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಗುಲ್ಮಾರ್ಗದಲ್ಲೇ ಬಹುಪಾಲು ಬರಿದಾಗಿ, ಅದಕ್ಕಿಂತ ಚಳಿಯ ಲೇಹ್‌ಗೆ ಉಳಿಯುವುದು ಅಷ್ಟಿಷ್ಟು.

ನೀಗಾಟ ಪ್ರಾಂತ್ಯದ ನಾಗವೊಕದವರು ಇಷ್ಟೊಂದು ಹಿಮವನ್ನು ಏನು ಮಾಡುತ್ತಾರೆ? ರಸ್ತೆಯ ನಡುವೆ ಕೊಳವೆ ಹೂತು ಅಂತರ್ಜಲ ಚಿಮ್ಮಿಸುತ್ತಾರೆ. ಜನವರಿಯ ಬೆಳಗ್ಗೆ ಬಾವಿನೀರು ಉಗುರುಬೆಚ್ಚಗಿರುತ್ತದಲ್ಲ, ಅದೇ ಉಪಾಯ. ಹಿಮ ಬಿದ್ದಹಾಗೇ ಕರಗಿ ಚರಂಡಿ ಸೇರುತ್ತದೆ. ಆ ನೀರಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಅಲ್ಲಿನ ರಸ್ತೆಗಳೆಲ್ಲ ತುಕ್ಕುಗೆಂಪು.