ಹಳೆಯ ಕಾರಿನ ಇಂಧನ ವ್ಯವಸ್ಥೆಯ ಸದ್ದು: ಪಂಪ್ ಬದಲಿಸುವ ಮುನ್ನ ನೋಡಬೇಕಾದದ್ದು

ಹಿಂದಿನ ಸೀಟಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಬಿಡದೆ ಬರುತ್ತಿದೆ ಎಂದು ಹಳೆಯ ಪೆಟ್ರೋಲ್ ಕಾರನ್ನು ಗ್ಯಾರೇಜಿಗೆ ತರುವವರಲ್ಲಿ ಹೆಚ್ಚಿನವರು, ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪ್ ಹೋಗಿದೆ ಎಂದು ಆಗಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಕೆಲವರು ಹೊಸ ಪಂಪನ್ನು ಹಾಕಿಸಿದ ಮೇಲೂ ಅದೇ ಸದ್ದನ್ನು ಹೊತ್ತು ಬರುತ್ತಾರೆ. ಕೂಗುತ್ತಿರುವುದು ಪಂಪೇ ಆಗಿದ್ದರೂ, ಅದನ್ನು ಕೂಗಿಸುತ್ತಿರುವ ಕಾರಣ ಅನೇಕ ವೇಳೆ ಪಂಪಿನ ಹೊರಗಿರುತ್ತದೆ. ಆದ್ದರಿಂದ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಸದ್ದು ಯಾವಾಗ ಬರುತ್ತದೆ ಎಂಬುದನ್ನು ಮಾಲೀಕರ ಬಾಯಿಂದಲೇ ವಿವರವಾಗಿ ಕೇಳಿ ತಿಳಿಯುತ್ತೇನೆ.

ಇಂಧನವನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯಿರುವ ಬಹುತೇಕ ಕಾರುಗಳಲ್ಲಿ ಕೀಲಿ ತಿರುಗಿಸಿದೊಡನೆ ಪಂಪ್ ಸುಮಾರು 2 ಸೆಕೆಂಡ್ ಓಡಿ, ಪೈಪಿನಲ್ಲಿ ಒತ್ತಡ ತುಂಬಿಸಿ ನಿಲ್ಲುತ್ತದೆ. ಆ ಸಣ್ಣ ಗುಂಯ್‌ಗುಡುವಿಕೆ ಸಹಜವಾದದ್ದು. ಎಂಜಿನ್ ಓಡುವಾಗ ಸದ್ದು ಮುಂದುವರಿದರೆ ಅದು ಎಂಜಿನ್ ವೇಗದೊಂದಿಗೆ ಏರುತ್ತದೆಯೇ ಎಂದು ಗಮನಿಸಬೇಕು. ಹಳೆಯ ಕಾರುಗಳಲ್ಲಿ ವಿದ್ಯುತ್ ಪಂಪ್ ಬ್ಯಾಟರಿಯ ವೋಲ್ಟೇಜಿಗೆ ತಕ್ಕಂತೆ ಬಹುಮಟ್ಟಿಗೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ವರವೂ ಮೇಲಕ್ಕೇರಿದರೆ ಅದು ಬೆಲ್ಟ್, ಬೇರಿಂಗ್ ಅಥವಾ ಆಲ್ಟರ್ನೇಟರ್ ಕಡೆಯದೆಂದು ಸಂಶಯಿಸುವುದು ಉತ್ತಮ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್, ಬ್ಲೋವರ್, ಹಿಂಬದಿ ಗಾಜಿನ ಹೀಟರ್ ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಿ. ವೋಲ್ಟೇಜ್ ಕುಸಿದು ಸ್ವರವೂ ತುಸು ಇಳಿದರೆ, ಸದ್ದು ವಿದ್ಯುತ್ ಮೋಟರಿನಿಂದ ಬರುತ್ತಿದೆ ಎಂಬುದಕ್ಕೆ ಅದೊಂದು ಒಳ್ಳೆಯ ಸುಳಿವು.

ಮೋಟರಿನದೇ ಸದ್ದು ಎಂದಾದ ಮೇಲೆ ಮೊದಲು ಪರೀಕ್ಷಿಸಬೇಕಾದದ್ದು ಹೀರುವ ಬದಿಯನ್ನು. ಪಂಪಿಗೆ ಬೇಕಾದಷ್ಟು ಪೆಟ್ರೋಲ್ ಸಲೀಸಾಗಿ ಸಿಗದಿದ್ದರೆ ಅದರೊಳಗೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ; ಆಗ ಗುಂಯ್ ಎನ್ನುತ್ತಿದ್ದ ಸದ್ದು ಕರ್ಕಶವಾದ ಕೂಗಾಗುತ್ತದೆ, ಎಂಜಿನ್ ಬಿಸಿಯಾದಂತೆ ಇನ್ನೂ ಜೋರಾಗುತ್ತದೆ. ಸದ್ದು ಜೋರಾಗಿರುವಾಗಲೇ ಎಂಜಿನ್ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆರೆದು, ಮತ್ತೆ ಚಾಲೂ ಮಾಡಿ ಕೇಳಬೇಕು. ಗಾಳಿ ರಭಸದಿಂದ ಒಳನುಗ್ಗಿ ಪಂಪಿನ ಕೂಗು ತಗ್ಗಿದರೆ ಟ್ಯಾಂಕಿನ ಗಾಳಿದಾರಿ ಕಟ್ಟಿಕೊಂಡಿದೆ. ಅಲ್ಪಸ್ವಲ್ಪ ಸುಯ್ ಎನ್ನುವುದು ಅನೇಕ ಕಾರುಗಳಲ್ಲಿ ಸಹಜವಾದ್ದರಿಂದ ಅದೊಂದನ್ನೇ ನಂಬಬಾರದು. ಮುಚ್ಚಳ ತೆರೆದರೂ ವ್ಯತ್ಯಾಸವಿಲ್ಲದಿದ್ದರೆ, ಟ್ಯಾಂಕ್ ತುಂಬಿದ್ದಾಗ ಸದ್ದು ಕಡಿಮೆಯೇ ಎಂದು ವಿಚಾರಿಸಬೇಕು. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೂ ಅದರ ಸದ್ದನ್ನು ಅಡಗಿಸುವುದೂ ಸುತ್ತಲಿನ ಪೆಟ್ರೋಲೇ. ರಿಸರ್ವ್‌ನಲ್ಲೇ ಕಾರು ಓಡಿಸುವ ಅಭ್ಯಾಸ ಪಂಪಿನ ಆಯುಸ್ಸನ್ನು ತಿನ್ನುತ್ತದೆ. ಪಂಪಿನ ಬಾಯಿಯಲ್ಲಿರುವ ಜಾಳಿಗೆಯ ಚೀಲವನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ಬೆಳಕು ಹಾಯಬೇಕು. ಹಳೆಯ ಉಕ್ಕಿನ ಟ್ಯಾಂಕುಗಳಲ್ಲಿ ಅದು ತುಕ್ಕಿನ ಪುಡಿಯಿಂದ ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಜಿಡ್ಡು ಅಂಟುವಂತಾಗಿರುತ್ತದೆ. ಅಂಥ ಟ್ಯಾಂಕನ್ನು ತೊಳೆಯದೆ ಹಾಕಿದ ಹೊಸ ಪಂಪ್ ಸ್ವಲ್ಪ ಕಾಲದಲ್ಲೇ ಅದೇ ರಾಗ ಹಾಡುತ್ತದೆ. ಪಂಪ್ ಟ್ಯಾಂಕಿನ ಹೊರಗಿರುವ ಕಾರುಗಳಲ್ಲಿ ಇನ್ನೊಂದು ತಪ್ಪು ಕಾಣಸಿಗುತ್ತದೆ: ಬದಲಿ ಪಂಪನ್ನು ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ಕೂರಿಸಿರುತ್ತಾರೆ. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಹೀರುವುದರಲ್ಲಿ ದುರ್ಬಲ.

ತಳ್ಳುವ ಬದಿಗೆ ಪ್ರೆಷರ್ ಗೇಜ್ ಸಾಕು. ಇನ್‌ಟೇಕ್ ದಾರಿಗೆ ಇಂಧನ ಸಿಂಪಡಿಸುವ ಸಾಮಾನ್ಯ ಇಂಜೆಕ್ಷನ್ ಕಾರುಗಳಲ್ಲಿ ಒತ್ತಡ ಸಾಮಾನ್ಯವಾಗಿ 3 ರಿಂದ 4 ಬಾರ್ ಇರುತ್ತದೆ. ಆಯಾ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಫಿಲ್ಟರ್ ಕಟ್ಟಿದ್ದರೆ ಅದರ ಮುಂದೆ ಒತ್ತಡ ಕುಸಿದು, ಹಿಂದೆ ಪಂಪ್ ಹೆಚ್ಚಿನ ಭಾರ ಹೊತ್ತು ಗೊಣಗುತ್ತದೆ. ಜೊತೆಗೆ ಪಂಪಿನ ಕನೆಕ್ಟರಿನಲ್ಲಿ, ಅದು ಓಡುತ್ತಿರುವಾಗಲೇ, ವೋಲ್ಟೇಜ್ ಅಳೆಯಬೇಕು. ಬ್ಯಾಟರಿಗಿಂತ ಒಂದು ವೋಲ್ಟಿಗೂ ಹೆಚ್ಚು ಕಡಿಮೆ ಬಂದರೆ ರಿಲೇ (ಪಂಪಿಗೆ ವಿದ್ಯುತ್ ಹಾಯಿಸುವ ಸ್ವಿಚ್), ವೈರ್ ಅಥವಾ ಅರ್ತ್ ಜೋಡಣೆಯಲ್ಲಿ ತುಕ್ಕನ್ನು ಹುಡುಕಬೇಕು.

ಈ ಎಲ್ಲವೂ ಸರಿಯಿದ್ದೂ ಸದ್ದು ಕಾರಿನೊಳಗೆ ತುಂಬಿಕೊಳ್ಳುತ್ತಿದ್ದರೆ, ಅದನ್ನು ಹೊತ್ತು ತರುತ್ತಿರುವುದು ಪೈಪ್. ಪಂಪಿನಿಂದಲೂ ಇಂಧನ ಸಿಂಪಡಿಸುವ ಇಂಜೆಕ್ಟರುಗಳಿಂದಲೂ ಏಳುವ ಒತ್ತಡದ ಮಿಡಿತ ಲೋಹದ ಪೈಪಿನುದ್ದಕ್ಕೂ ಸಾಗುತ್ತದೆ. ಪೈಪನ್ನು ಕಾರಿನ ಬಾಡಿಗೆ ಕಟ್ಟಿರುವ ಕ್ಲಿಪ್ಪಿನ ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಉದುರಿಹೋಗಿದ್ದರೆ, ಕಾರಿನ ನೆಲವೇ ತಮಟೆಯ ಚರ್ಮದಂತೆ ದನಿಗೂಡುತ್ತದೆ. ಸದ್ದು ಹಿಂದಿನಿಂದ ಕೇಳಿಸಿದರೂ ಪೈಪ್ ಬಾಡಿಗೆ ತಾಗಿರುವುದು ಚಾಲಕನ ಕಾಲಡಿಯಲ್ಲಿರಬಹುದು. ಕಾರನ್ನು ಭದ್ರವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ, ಬಿಸಿ ಸೈಲೆನ್ಸರಿನಿಂದ ದೂರವಿರುವ ಕಡೆಗಳಲ್ಲಿ ಪೈಪನ್ನು ಕೈಯಿಂದ ಮೆಲ್ಲನೆ ಹಿಡಿಯುತ್ತ ಸಾಗಬೇಕು. ಒಂದೆಡೆ ಹಿಡಿದೊಡನೆ ಒಳಗಿನ ಸದ್ದು ತಟ್ಟನೆ ನಿಲ್ಲುತ್ತದೆ. ಅಲ್ಲಿ ಪೈಪಿಗೂ ಬಾಡಿಗೂ ನಡುವೆ ರಬ್ಬರ್ ತುಂಡೊಂದನ್ನು ತೂರಿಸಿ ಖಚಿತಪಡಿಸಿಕೊಂಡು, ಹೊಸ ಕ್ಲಿಪ್ ಹಾಕಿದರೆ ಕೆಲಸ ಮುಗಿಯಿತು. ಕ್ಲಿಪ್ಪುಗಳೆಲ್ಲ ಚೆನ್ನಾಗಿದ್ದೂ ಐಡ್ಲಿಂಗ್‌ನಲ್ಲಿ ಟಕಟಕ ಹೊಡೆತ ಉಳಿದರೆ, ಇಂಜೆಕ್ಟರುಗಳಿಗೆ ಇಂಧನ ಹಂಚುವ ರೈಲಿನ ಮೇಲಿರುವ, ಒತ್ತಡದ ಮಿಡಿತವನ್ನು ತಗ್ಗಿಸುವ ಪಲ್ಸೇಷನ್ ಡ್ಯಾಂಪರ್‌ನ ಒಳಪೊರೆ ಸೋತಿರಬಹುದು. ಇಂಧನದ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸನ್ನೂ ಕಳಚಿ ನೋಡುವುದು ಒಳ್ಳೆಯದು. ಅದರಲ್ಲಿ ಪೆಟ್ರೋಲಿನ ಪಸೆ ಕಂಡರೆ ರೆಗ್ಯುಲೇಟರ್ ಬದಲಾಗಲೇಬೇಕು.

ಬಾನೆಟ್ ತೆರೆದಾಗ ಕೇಳಿಸುವ ಒಂದೇ ಲಯದ ಸಣ್ಣ ಟಿಕ್ ಟಿಕ್ ಸದ್ದು ಇಂಜೆಕ್ಟರುಗಳದು, ಅದನ್ನು ಅದರ ಪಾಡಿಗೆ ಬಿಡಬೇಕು. ಬಂದು ಹೋಗುವ ಟಿಕ್ ಸದ್ದು ಹೆಚ್ಚಾಗಿ ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವಿನದು. ವಾಲ್ವಿನ ಮೇಲೆ ಬೆರಳಿಟ್ಟರೆ ಮಿಡಿತ ತಿಳಿಯುತ್ತದೆ.

ಯಾವುದೇ ಜೋಡಣೆಯನ್ನು ಬಿಚ್ಚುವ ಮುನ್ನ, ಪಂಪಿನ ರಿಲೇ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕು. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಬಯಲು ಗಾಳಿಯಲ್ಲಿ, ಬಿಸಿ ಬಲ್ಬಿನ ದೀಪವಿಲ್ಲದೆ ಕೆಲಸ ಮಾಡಬೇಕು. ಕೊನೆಗೂ ಪಂಪನ್ನೇ ಬದಲಿಸಬೇಕಾಗಿ ಬಂದರೆ, ಟ್ಯಾಂಕಿನೊಳಗೆ ಪಂಪನ್ನು ಮೇಲಿನ ಪೈಪಿಗೆ ಸೇರಿಸುವ ಚಿಕ್ಕ ಹೋಸನ್ನೂ ಹೊಸದು ಹಾಕಿ. ಪೆಟ್ರೋಲಿನಲ್ಲಿ ಸದಾ ಮುಳುಗಿರುವುದಕ್ಕೆಂದೇ ತಯಾರಾದ, ಎಸ್‌ಎಇ 30ಆರ್10 ಎಂಬ ಗುರುತಿನ ಹೋಸೇ ಅಲ್ಲಿಗೆ ಬೇಕು. ಬಾನೆಟ್ ಕೆಳಗೆ ಬಳಸುವ ಮಾಮೂಲಿ ಹೋಸಿನ ಹೊರಪದರ ಪೆಟ್ರೋಲಿನಲ್ಲಿ ಮೆತ್ತಗಾಗಿ ಸೀಳುತ್ತದೆ, ಒತ್ತಡ ಟ್ಯಾಂಕಿನೊಳಗೇ ಸೋರಿಹೋಗುತ್ತದೆ.